ಮಾಳಿಗೆ ಹತ್ತಿದ ನಾಟಿ ಹಲ್ಲು

ಡಾಕ್ಟರು ಎಲುಬಿಗೆ ತಿರುಪು ಕೂರಿಸಿ, ತಿಂಗಳುಗಟ್ಟಲೆ ಕಾದು, ಅಳತೆ ತೆಗೆದು, ಬಣ್ಣ ಹೊಂದಿಸಿ ಕಟ್ಟಿಕೊಟ್ಟ ಹಲ್ಲನ್ನು ಚಪ್ಪಲಿ ಅಂಟಿಸುವ ಗಮ್ಮಿನಿಂದ ಅಂಟಿಸಿಕೊಂಡ ಮಹಾನುಭಾವ ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದೆ ನಾನು ಅಜ್ಜಿಯನ್ನೂ ಗೆಳೆಯನನ್ನೂ ಡಾಕ್ಟರಮ್ಮನನ್ನೂ ಆಡಿಕೊಳ್ಳುತ್ತ ಹೋಗುವಾಗ, ಎಲ್ಲ ಅವರದೇ ತಪ್ಪೆಂದು ನೀವು ನಂಬಿಬಿಡಬಹುದು. ನಂಬಿಸುವುದರಲ್ಲಿ ನಾನು ಸ್ವಲ್ಪ ಪಳಗಿದವನು. ಬೇರೆಯವರ ದನಿಯಲ್ಲಿ ಮಾತಾಡಿ ಹೊಟ್ಟೆ ಹೊರೆಯುವವನು.

ಇದೆಲ್ಲ ಈಗ ನೆನಪಾಗಲು ಕಾರಣ ನಮ್ಮ ಬಚ್ಚಲುಮನೆಯ ಗೂಡಿನಲ್ಲಿರುವ ಒಂದು ಪುಟ್ಟ ಬ್ರಷ್ಷು. ಬೆಂಕಿಕಡ್ಡಿಯಷ್ಟು ಉದ್ದ, ತುದಿಯಲ್ಲಿ ಇಲಿಮರಿಯ ಮೀಸೆಯಂಥ ಒಂದಿಷ್ಟು ಕೂದಲು. ಮೊನ್ನೆ ಹಡಗಲಿಯಿಂದ ಬಂದಿದ್ದ ಸೋದರತ್ತೆ ಅದನ್ನೆತ್ತಿಕೊಂಡು, ಅಂಟುವಾಳದ ನೀರಿನಲ್ಲಿ ಅದ್ದಿ, ತಮ್ಮ ಬೆಂಡೋಲೆಯ ಸಂದುಗೊಂದುಗಳನ್ನೆಲ್ಲ ತಿಕ್ಕಿಕೊಂಡು ಫಳಫಳ ಮಾಡಿಕೊಂಡರು.

"ಅತ್ತಿ, ಅದು ನಾನು ಹಲ್ಲಿನ ಬುಡ ತಿಕ್ಕೋ ಬ್ರಷ್ಷು" ಅಂದೆ.

"ಹಲ್ಲಿಗೆ ಆಗೋದು ಬಂಗಾರಕ್ಕ ಆಗಬಾರದೇನು? ಬಿಡು" ಅಂದು ಬೆಂಡೋಲೆ ಹಾಕಿಕೊಂಡು ಊರಿಗೆ ಹೋದರು. ನಾನು ಬ್ರಷ್ಷನ್ನು ಬಿಸಿನೀರಲ್ಲಿ ತೊಳೆದೆ. ಆಮೇಲೆ ಯೋಚಿಸಿ ಹೊಸದನ್ನೇ ತೆಗೆದೆ.

ನಾನು ಕೂಡ್ಲಿಗಿಯ ಕೊಟ್ರ. ಪೂರ್ತಿ ಹೆಸರು ಕೊಟ್ರೇಶ. ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಆ ಹೆಸರು ಕೂಗಿದರೆ ಕೊಟ್ಟೂರು ಬಸ್ಸಿಗೆ ಕಾಯುವವರಲ್ಲಿ ಅರ್ಧ ಜನ ತಿರುಗಿ ನೋಡುತ್ತಾರೆ. ಮದುವೆ ಆರತಕ್ಷತೆಯಲ್ಲಿ ಮಿಮಿಕ್ರಿ ಮಾಡುತ್ತೇನೆ. ಸೀರೆ ಸೇಲು, ಕಣ್ಣಿನ ಕ್ಯಾಂಪು, ಕಳೆದುಹೋದ ಎಮ್ಮೆ, ಯಾವುದೇ ಇರಲಿ, ಪ್ರಚಾರದ ಆಟೋದಲ್ಲಿ ಕೇಳುವ ದನಿ ನನ್ನದೇ. ಆದರೆ ನನ್ನ ನಿಜವಾದ ಹೆಮ್ಮೆ ಕಸದ ಗಾಡಿ. ದಿನಾ ಬೆಳಿಗ್ಗೆ ಅದು ಓಣಿಗೆ ಬಂದು "ಹಸಿ ಕಸ ಬ್ಯಾರೆ, ಒಣ ಕಸ ಬ್ಯಾರೆ ಕೊಡ್ರಿ" ಅಂತ ನನ್ನ ದನಿಯಲ್ಲಿ ಕೂಗಿದರೆ, ನನ್ನನ್ನು ಕಂಡರೆ ಬಾಗಿಲು ಹಾಕಿಕೊಳ್ಳುವ ಮನೆಯವರೂ ಬಕೆಟ್ ಹಿಡಿದು ಓಡಿಬರುತ್ತಾರೆ. ಒಬ್ಬ ಕಲಾವಿದನಿಗೆ ಇನ್ನೇನು ಬೇಕು.

ಹಲ್ಲು ಕಳೆದುಕೊಂಡದ್ದೂ ಕಲೆಗಾಗಿಯೇ. ಕೊಟ್ಟೂರಿಗೆ ಹೋಗುವ ಬಸ್ಸಿನಲ್ಲಿ, ಡ್ರೈವರನ ಹಿಂದೆಯೇ ಕಂಬಿ ಹಿಡಿದು ನಿಂತಿದ್ದೆ. ಕಂಡಕ್ಟರ್ ಹಿಂದೆಲ್ಲೋ ಚಿಲ್ಲರೆ ಜಗಳದಲ್ಲಿದ್ದ. ಪಕ್ಕದ ಸೀಟಿನ ಹುಡುಗಿಯರು ನನ್ನ ಗುರುತು ಹಿಡಿದು "ಏನಾದ್ರೂ ಮಾಡ್ರಿ" ಅಂದರು. ಏನಾದರೂ ಅಂದರೆ ಏನು ಮಾಡುವುದು? ನಾಲಿಗೆ ಮಡಚಿ ಕಂಡಕ್ಟರನ ಸೀಟಿ ಹೊಡೆದೆ. ಎಷ್ಟು ತದ್ರೂಪ ಬಂತೆಂದರೆ ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. ನನ್ನ ಮುಖ ಹೋಗಿ ಕಂಬಿಗೆ ಬಡಿಯಿತು. ಮೇಲಿನ ಸಾಲಿನ ಮುಂದಿನ ಹಲ್ಲು ಬೇರು ಸಮೇತ ಕಿತ್ತು ಬಂದು ಯಾರದೋ ಚೀಲದೊಳಗೆ ಬಿತ್ತು. ಜಗಳ ಬಿಟ್ಟು ಮುಂದೆ ಬಂದ ಕಂಡಕ್ಟರ್ ನನ್ನ ಬಾಯಿ ನೋಡಿ, ನಿಧಾನಕ್ಕೆ ಹೇಳಿದ: "ಸೀಟಿ ಚೆಂದ ಹೊಡದಿ. ಹಲ್ಲು ಹುಡಿಕ್ಕಂಡು ಇಳಿ."

ಹೀಗೆ ಹಲ್ಲು ಕಟ್ಟಿಸುವ ಪ್ರಸಂಗ ಬಂತು. ಕೊಟ್ಟೂರಿನಲ್ಲಿ ಒಬ್ಬ ಹಲ್ಲಿನ ಡಾಕ್ಟರಮ್ಮ ಇದ್ದಾರೆ. ತವರು ಹರಪನಹಳ್ಳಿ, ಮಾತು ದಾವಣಗೆರೆ ಕಡೆಯ ಮೆತ್ತನೆ ಮಾತು. ಪ್ರತಿ ವಾಕ್ಯದ ಕೊನೆಗೆ "ಗೊತ್ತಾಯ್ತಾ?" ಅನ್ನುತ್ತಾರೆ. ಅವರು ಹೇಳಿದ್ದು ಇಷ್ಟು: ದವಡೆಯ ಎಲುಬಿನಲ್ಲಿ ಒಂದು ಲೋಹದ ತಿರುಪು ಕೂರಿಸುತ್ತಾರೆ. ಎಲುಬು ಅದನ್ನು ಅಪ್ಪಿಕೊಳ್ಳುವವರೆಗೆ ಕಾಯುತ್ತಾರೆ. ಆಮೇಲೆ ಅದರ ಮೇಲೆ ಹಲ್ಲಿನಂಥದೇ ಹಲ್ಲನ್ನು ಇನ್ನೊಂದು ಸಣ್ಣ ತಿರುಪಿನಿಂದ ಬಿಗಿಯುತ್ತಾರೆ. ಕೆಳಗಿನದು ಬೇರು, ಮೇಲಿನದು ಟೊಪ್ಪಿಗೆ.

ಇದನ್ನು ಮನೆಯಲ್ಲಿ ವಿವರಿಸಿದಾಗ ನಮ್ಮ ಅಜ್ಜಿ ಕಿವಿಗೊಟ್ಟು ಕೇಳಿದಳು. ಅಜ್ಜಿಯ ಬಾಯಲ್ಲಿ ಈಗ ಒಂದು ಹಲ್ಲೂ ಇಲ್ಲ. ಕಟಕ ರೊಟ್ಟಿಯನ್ನು ಸಾರಿನಲ್ಲಿ ನೆನೆಹಾಕಿ ಒಸಡಿನಲ್ಲೇ ಸೋಲಿಸುತ್ತಾಳೆ. "ಅಂದ್ರ ಮೆಣಸಿನ ಸಸಿ ನಾಟಿ ಮಾಡಿದಂಗ" ಅಂದಳು. ಹೌದು ಅಂದೆ. ಅಲ್ಲಿಂದ ಅದಕ್ಕೆ ನಾಟಿ ಹಲ್ಲು ಅಂತಲೇ ಹೆಸರಾಯಿತು. ಇದರಿಂದ ತೊಂದರೆಯೂ ಆಯಿತು. ಓಣಿಯ ಒಬ್ಬರು "ನಾಟಿ ಅಂದ್ರ ಜವಾರಿ ಹಲ್ಲೇನು? ಫಾರಂದಲ್ಲ ಹಂಗಾರ" ಅಂತ ನನ್ನ ಬಾಯಿಯನ್ನು ಸಂತೆಯಲ್ಲಿ ಕೋಳಿ ನೋಡುವ ಹಾಗೆ ನೋಡಿ ಹೋದರು.

ಹಲ್ಲು ಕೂರಿಸಿದ ದಿನ ಡಾಕ್ಟರಮ್ಮ ಒಂದು ಉಪದೇಶ ಕೊಟ್ಟರು. ಅದನ್ನು ನಾನು ಈಗಲೂ ಒಂದಕ್ಷರ ತಪ್ಪದೆ ಒಪ್ಪಿಸಬಲ್ಲೆ:

"ನೋಡ್ರಿ, ಈ ಹಲ್ಲಿಗೆ ಹುಳುಕು ಹಿಡಿಯಲ್ಲ. ಆದ್ರೆ ಹಲ್ಲು ನಕಲಿ ಇರಬಹುದು, ಒಸಡು ನಿಮ್ದೇ. ಗೊತ್ತಾಯ್ತಾ? ಸುತ್ತ ಕೊಳೆ ಕಟ್ಟಿದ್ರೆ ಒಸಡು ಊದ್ಕಂತೈತೆ, ರಕ್ತ ಬರ್ತೈತೆ, ಹಂಗೇ ಬಿಟ್ರೆ ಎಲುಬು ಕರಗ್ತೈತೆ. ಅದಕ್ಕೇ ಎರಡು ಹೊತ್ತು ಬ್ರಷ್ ಮಾಡ್ಬೇಕು, ಈ ಸಣ್ಣ ಬ್ರಷ್ಷಿಂದ ಬುಡದಾಗೂ ತಿಕ್ಬೇಕು. ಬಾಟ್ಲಿ ಮುಚ್ಚಳ ಹಲ್ಲಾಗೆ ತೆಗೀಬೇಡ್ರಿ. ಗುಟ್ಕಾ, ಸಿಗರೇಟು ಬೇಡ. ಆರು ತಿಂಗ್ಳಿಗೊಮ್ಮೆ ಬಂದು ತೋರಿಸ್ರಿ. ಸ್ವಲ್ಪ ಅಲ್ಲಾಡಿದ್ರೂ ಅವತ್ತೇ ಬರ್ರಿ, ನೀವೇನೂ ಮಾಡಕ್ಕೆ ಹೋಗಬೇಡ್ರಿ. ಗೊತ್ತಾಯ್ತಾ?"

ಎಂಥ ಐಟಂ ನೋಡಿ. ಕ್ಲಿನಿಕ್ಕಿನ ಮೆಟ್ಟಿಲಿಳಿಯುವಷ್ಟರಲ್ಲಿ ನನಗೆ ಬಾಯಿಪಾಠ. ಎಲ್ಲ ಆರತಕ್ಷತೆಯಲ್ಲೂ ಅದನ್ನೇ ಹಾಕಿದೆ. ಕತ್ತು ಒಂಚೂರು ವಾಲಿಸಿ "ಗೊತ್ತಾಯ್ತಾ?" ಅಂದರೆ ಸಾಕು, ಅಡುಗೆ ಭಟ್ಟರೂ ಸೌಟು ಬಿಟ್ಟು ನಗುತ್ತಿದ್ದರು. ಚಿಗಟೇರಿಯ ಒಂದು ಮದುವೆಯಲ್ಲಿ ಗಂಡಿನ ಚಿಕ್ಕಪ್ಪ ಅದನ್ನು ಕೇಳಿ, ಎದ್ದು ಹೋಗಿ ಬಾಯಲ್ಲಿದ್ದ ತಂಬಾಕು ಉಗುಳಿ ಬಂದು, ಮತ್ತೆಂದೂ ಮುಟ್ಟಲಿಲ್ಲವಂತೆ. ನಾನು ಅವತ್ತು ಸ್ಟೇಜಿನಿಂದಿಳಿದು ಸೋಡಾ ಬಾಟಲಿಯ ಮುಚ್ಚಳವನ್ನು ಅದೇ ಹಲ್ಲಿನಿಂದ ಕಚ್ಚಿ ತೆಗೆದೆ. ಡಾಕ್ಟರಮ್ಮ ಕೊಟ್ಟ ಸಣ್ಣ ಬ್ರಷ್ಷು ಕವರು ಒಡೆಯದೆ ಗೂಡಿನಲ್ಲಿ ಬೆಚ್ಚಗಿತ್ತು. ತಿಕ್ಕುವಾಗ ಒಸಡಲ್ಲಿ ಒಂದಿಷ್ಟು ರಕ್ತ ಬಂದರೆ, ಬ್ರಷ್ಷೇ ಗಡಸು ಅಂದುಕೊಂಡು ತಿಕ್ಕುವುದನ್ನೇ ಕಡಿಮೆ ಮಾಡಿದೆ.

ಇಂಥ ಸುಖದ ದಿನಗಳಲ್ಲಿ ಒಂದು ಬುಧವಾರ ಪಂಚಾಯ್ತಿಯ ಸಾಹೇಬರು ಕರೆದರು. ಕಸದ ವ್ಯವಹಾರವೆಲ್ಲ ನೋಡಿಕೊಳ್ಳುವವರು. ನಾನು ಹಿಂದಿನಿಂದ ಕಸದ ಸಾಹೇಬರು ಅನ್ನುತ್ತೇನೆ, ಮುಂದಿನಿಂದ ಬರೀ ಸಾಹೇಬರು.

"ಕೊಟ್ರೇಶಿ, ಹಳೇ ರೆಕಾರ್ಡಿಂಗ್ ಕೇಳಿ ಕೇಳಿ ಜನಕ್ಕ ಬ್ಯಾಸರ ಆಗೇತಿ. ಸೋಮವಾರ ಮಧ್ಯಾಹ್ನ ಬಂದು ಹೊಸದು ಮಾಡಿಕೊಡು. ಆಗಲಿಲ್ಲ ಅಂದ್ರ ಹೇಳಿಬಿಡು, ಮೊಬೈಲ್‌ನಾಗ ಟೈಪ್ ಮಾಡಿದ್ರ ಸಾಕು, ಅದ ಮಾತಾಡತೈತಿ. ಹೆಣ್ಣುಮಗಳ ದನಿ, ಛಲೋ ಐತಿ."

ಆ ಮೊಬೈಲ್ ಹೆಣ್ಣುಮಗಳನ್ನು ನಾನು ಕೇಳಿದ್ದೇನೆ. ಕೂಡ್ಲಿಗಿ ಅನ್ನುವುದನ್ನೇ ಯಾವುದೋ ಮಾತ್ರೆಯ ಹೆಸರಿನ ಹಾಗೆ ಅನ್ನುತ್ತಾಳೆ. ಅವಳಿಗೆ ನಮ್ಮೂರ ಕಸ ಬಿಟ್ಟುಕೊಡುವುದೇ? ಬಂದೇ ಬರ್ತೀನ್ರಿ ಅಂದೆ. ಮನೆಗೆ ಬಂದು ಕನ್ನಡಿ ಮುಂದೆ ಅಭ್ಯಾಸಕ್ಕೆ ನಿಂತು "ಹಸಿ" ಅಂದೆ. "ಸಿ" ಅನ್ನುವಾಗ ಬಾಯೊಳಗೆ "ಟಿಕ್" ಅಂತು. ನಾಲಿಗೆಯಿಂದ ಮುಟ್ಟಿದರೆ ನಾಟಿ ಹಲ್ಲು ಗಾಳಿಗೆ ಬಾಗಿಲು ಅಲ್ಲಾಡಿದ ಹಾಗೆ ಅಲ್ಲಾಡುತ್ತಿತ್ತು.

ಅವತ್ತೇ ಡಾಕ್ಟರಮ್ಮನ ಹತ್ತಿರ ಹೋಗಬೇಕಿತ್ತು ಅಂತ ನಿಮಗೂ ಗೊತ್ತು, ನನಗಂತೂ ರಾಗ ಸಮೇತ ಗೊತ್ತು. ಆದರೆ ಹೋದರೆ ಹಲ್ಲು ಬಿಚ್ಚಿಟ್ಟುಕೊಂಡು ಮುಂದಿನ ವಾರ ಬನ್ನಿ ಅಂತಾರೆ, ಸೋಮವಾರ ತಪ್ಪುತ್ತದೆ ಅನ್ನುವ ಹೆದರಿಕೆ. ಅದಕ್ಕೆ ಹೈವೇ ಪಕ್ಕ ಬೈಕ್ ರಿಪೇರಿ ಮಾಡುವ ನನ್ನ ಗೆಳೆಯ ರಫೀಕನ ಹತ್ತಿರ ಹೋದೆ.

ರಫೀಕ ಬಾಯಿ ತೆಗೆಸಿ, ಮೊಬೈಲ್ ಟಾರ್ಚ್ ಬಿಟ್ಟು ನೋಡಿದ. "ನಟ್ ಲೂಸ್ ಆಗೇತಿ ಯಾರ್. ಬಿಚ್ಚಿ ಟೈಟ್ ಮಾಡಿದ್ರಾತು. ಆದ್ರ ನನ್ನತ್ರ ಇಷ್ಟು ಸಣ್ಣ ನಟ್ಟು ತಿರುಗಿಸೋ ಪಾನಾ ಇಲ್ಲ."

"ಗಮ್ ಹಾಕಿದ್ರ?"

"ಚಪ್ಪಲಿಗೆ ಹಾಕೋದು ಐತಿ. ಬಾಯಿಗೆ ಹಾಕ್ಕಂತಿಯಾ? ಏನರ ಆದ್ರ ನಾನು ಹಾಕಿಲ್ಲ, ನೀನ ಹಾಕ್ಕಂಡಿ."

ನಾನೇ ಹಾಕಿಕೊಂಡೆ. ಹಲ್ಲೇನೋ ಕೂತಿತು. ಆದರೆ ಮೇಲಕ್ಕೆತ್ತಿ ಹಿಡಿದಿದ್ದ ತುಟಿಯೂ ಹಾಗೇ ಹಲ್ಲಿನ ಬುಡಕ್ಕೆ ಕೂತಿತು. ಅವತ್ತು ಮಧ್ಯಾಹ್ನ ಗುಡೇಕೋಟೆಯಲ್ಲಿ ದೂರದ ಸಂಬಂಧಿಕರೊಬ್ಬರ ಮಣ್ಣಿಗೆ ಹೋಗುವುದಿತ್ತು. ಹೋದೆ. ಮಣ್ಣು ಮುಗಿಯುವವರೆಗೂ ಹಲ್ಲು ಬಿಟ್ಟುಕೊಂಡೇ ನಿಂತಿದ್ದೆ. ಎಷ್ಟು ದುಃಖ ತಂದುಕೊಂಡರೂ ತುಟಿ ಇಳಿಯದು. ಒಬ್ಬ ಹಿರಿಯರು ಪಕ್ಕದವರಿಗೆ, "ಸತ್ತಾತ ಈ ಹುಡುಗಗ ಏನ್ ಮಾಡಿದ್ದನೋ ಏನೋ" ಅಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಸಂಜೆಗೆ ಎಣ್ಣೆ ಹಚ್ಚಿ ಹಚ್ಚಿ ತುಟಿ ಬಿಡಿಸಿಕೊಂಡೆ.

ಗಮ್ಮು ಭಾನುವಾರದವರೆಗೆ ತಡೆಯಿತು. ಭಾನುವಾರ ರಫೀಕ ಯಾವುದೋ ಸಾಮಾನು ತರಲು ಕೊಟ್ಟೂರಿಗೆ ಹೊರಟ, ನಾನೂ ಹಿಂದೆ ಕೂತೆ. ಕೊಟ್ಟೂರಿಗೆ ಹೋಗಿ ಮಂಡಕ್ಕಿ ಮೆಣಸಿನಕಾಯಿ ತಿನ್ನದೆ ಬರುವುದು ನನ್ನ ಕೈಲಿ ಆಗದ ಕೆಲಸ. ಹೋಟೆಲಿನವನು ಪೇಪರಿನ ಮೇಲೆ ಗುಡ್ಡೆ ಮಂಡಕ್ಕಿ ಸುರಿದು, ಮೇಲೆ ಬಿಸಿ ಮೆಣಸಿನಕಾಯಿ ಬಜ್ಜಿ ಇಟ್ಟ. ಒಂದು ಕಚ್ಚಿದೆ. ಬಾಯಿ ಹಗುರಾಯಿತು.

ಬಿಳಿ ಮಂಡಕ್ಕಿಯಲ್ಲಿ ಬಿಳಿ ಹಲ್ಲು ಹುಡುಕಿದ ಅನುಭವ ನಿಮಗಿಲ್ಲದಿದ್ದರೆ ನಿಮ್ಮ ಪುಣ್ಯ ದೊಡ್ಡದು. ಡಾಕ್ಟರಮ್ಮ ಬಣ್ಣ ಹೊಂದಿಸುವಾಗ ನನ್ನ ಪಕ್ಕದ ಹಲ್ಲಿಗೆ ಹೊಂದಿಸಿದ್ದರೋ ಕೊಟ್ಟೂರು ಮಂಡಕ್ಕಿಗೆ ಹೊಂದಿಸಿದ್ದರೋ ಅಂತ ಅನುಮಾನ ಬಂತು. ರಫೀಕ ಒಂದೊಂದೇ ಕಾಳು ಎತ್ತಿ ಪೇಪರಿನ ಆಚೆ ಬದಿಗೆ ಇಡತೊಡಗಿದ. ಹೋಟೆಲಿನವನು ಬಂದು ನಿಂತ.

"ಏನ್ ಹುಡುಕ್ತೀರಿ?"

"ಹಲ್ಲು" ಅಂದ ರಫೀಕ.

"ನಮ್ಮ ಮಂಡಕ್ಯಾಗ ಒಂದೊಂದು ಸಲ ಕಲ್ಲು ಬರತೈತಿ, ಒಪ್ಪಿಕೊಳ್ತೀನಿ. ಹಲ್ಲು ಬಂದಿದ್ದಿಲ್ಲ."

ನಾನು ಬಾಯಿ ತೆಗೆದು ತೋರಿಸಿದೆ. ಅವನಿಗೆ ನಿರಾಳವಾಯಿತು, ಕೂತು ಅವನೂ ಹುಡುಕಿದ. ಕೊನೆಗೆ ಸಿಕ್ಕಿತು, ತುದಿಯಲ್ಲಿ ಪುಟ್ಟ ತಿರುಪು ನೇತಾಡಿಕೊಂಡು. ಡಾಕ್ಟರಮ್ಮನ ಬಾಗಿಲಿಗೆ ಹೋದರೆ ಭಾನುವಾರದ ಬೀಗ. ಬೆಳಿಗ್ಗೆ ಮೊದಲ ಬಸ್ಸಿಗೆ ಬರುವುದೆಂದು ಹಲ್ಲನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ ಮನೆಗೆ ತಂದು ಕಿಟಕಿಯಲ್ಲಿಟ್ಟೆ. ಊಟಕ್ಕೆ ಕೂತಾಗ ಅಜ್ಜಿಗೆ, "ಹಲ್ಲು ಬಿತ್ತಜ್ಜಿ, ಕಿಟಕ್ಯಾಗ ಇಟ್ಟೀನಿ" ಅಂತ ಹೇಳಿಯೂ ಹೇಳಿದೆ. ಅದೇ ತಪ್ಪಾದದ್ದು.

ಬೆಳಿಗ್ಗೆ ನೋಡಿದರೆ ಕಿಟಕಿ ಖಾಲಿ.

"ಅಜ್ಜಿ, ಇಲ್ಲಿ ಪೊಟ್ಣ ಇತ್ತಲ್ಲ?"

"ಹಲ್ಲಿಂದಾ? ಮಾಳಿಗಿ ಮ್ಯಾಲೆ ಒಗದೆ."

"ಒಗದ್ಯಾ?"

"ಸುಮ್ಮ ಒಗೀಲಿಲ್ಲಪ. ಸೆಗಣ್ಯಾಗ ಸುತ್ತಿ, ದೇವರಿಗೆ ಕೈಮುಗುದು ಒಗದೀನಿ. ಸಣ್ಣಾವಿದ್ದಾಗ ನಿನ್ನ ಹಲ್ಲೆಲ್ಲ ನಾನ ಅಲ್ಲೇನು ಒಗದಾಕಿ? ಬಂದುವಿಲ್ಲ ಮತ್ತ?"

ಬಂದಿದ್ದವು. ಅದು ಸುಳ್ಳಲ್ಲ. ಹಾಲುಹಲ್ಲು ಬಿದ್ದಾಗಲೆಲ್ಲ ಅಜ್ಜಿ ಹಸುವಿನ ಸೆಗಣಿಯಲ್ಲಿ ಅದನ್ನು ಉಂಡೆ ಕಟ್ಟಿ ನನ್ನ ಕೈಗೆ ಕೊಟ್ಟು, ಎತ್ತಿ ಹಿಡಿಯುತ್ತಿದ್ದಳು. ನನ್ನ ಎಸೆತ ಮಾಳಿಗೆ ಮುಟ್ಟದೆ ಅವ್ವನ ಒಣಗಿದ ಸೀರೆಗೆ ತಾಗುತ್ತಿತ್ತು. ಆಮೇಲೆ ಅಜ್ಜಿಯೇ ಎಸೆಯುತ್ತಿದ್ದಳು. ಅವಳ ಗುರಿ ಅಂದೂ ತಪ್ಪುತ್ತಿರಲಿಲ್ಲ. ಮರುದಿನದಿಂದ ನಾನು ಕನ್ನಡಿ ಮುಂದೆ ಬಾಯಿ ತೆಗೆದು ಕೂರುತ್ತಿದ್ದೆ. ಬೇರೆಯವರ ಮುಖ ಮಾಡುವ ಚಟ ಹತ್ತಿದ್ದೇ ಆ ಕನ್ನಡಿಯ ಮುಂದೆ ಇರಬೇಕು, ಹಲ್ಲು ಬರುವುದನ್ನು ಕಾಯುತ್ತ ಬೇರೇನು ಮಾಡುವುದು?

"ಅಜ್ಜಿ, ಇದು ತಾನಾಗಿ ಬರಲ್ಲ. ಇದು ನಾಟಿ ಮಾಡಿದ್ದು."

"ಬೇರು ಒಳಗೈತಿ ಅಂತ ನೀನ ಹೇಳಿದಿ. ಬೇರಿದ್ದ ಮ್ಯಾಲೆ ಚಿಗೀಬೇಕಲ್ಲ."

ಏಣಿ ಹಾಕಿ ಹತ್ತಿದೆ. ಅಜ್ಜಿ ಕೆಳಗೆ ಅಂಗಳದಲ್ಲಿ ನಿಂತು "ಬೆಳಕಿಂಡಿ ಕಡಿ ನೋಡು, ಇನ್ನಾ ಆಚಿಗೆ" ಅಂತ ದಾರಿ ತೋರಿಸಿದಳು. ಒಂದು ಹೇಂಟೆ ಆ ಉಂಡೆಯನ್ನು ಕಾಲಿಂದ ಕೆದರಿ ಆಗಲೇ ಅರ್ಧ ಒಡೆದಿತ್ತು. ಒಳಗೆ ಹಲ್ಲು ಮಿಂಚುತ್ತಿತ್ತು. ಕೋಳಿ ಮತ್ತು ನಾನು ಒಂದು ಗಳಿಗೆ ಒಬ್ಬರನ್ನೊಬ್ಬರು ನೋಡಿದೆವು. ನಾನು ಮೊದಲು ಬಾಗಿದೆ.

ತಪ್ಪು ಮಾಡಿದೆನೆಂದು ಅಜ್ಜಿಗೂ ಅನ್ನಿಸಿರಬೇಕು. ಬೇಡವೆಂದರೂ ಜೊತೆಗೆ ಬಸ್ಸು ಹತ್ತಿದಳು. ಡಾಕ್ಟರಮ್ಮ ಪೊಟ್ಟಣ ಬಿಚ್ಚಿ ಮೂಗಿನ ಹತ್ತಿರ ಹಿಡಿದರು.

"ಏನು ವಾಸನೆ ಇದು?"

"ಸೆಗಣಿ ಕಣವ್ವ" ಅಂದಳು ಅಜ್ಜಿ. "ಆಕಳದ್ದ, ಎಮ್ಮಿದಲ್ಲ."

ಡಾಕ್ಟರಮ್ಮ ಒಂದು ಕ್ಷಣ ಕಣ್ಣು ಮುಚ್ಚಿ ತೆಗೆದರು. ಎಕ್ಸ್‌ರೇ ತೆಗೆದರು. ಎಲುಬಿನೊಳಗಿನ ಬೇರು ಅಲ್ಲಾಡಿಲ್ಲ, ಅಲ್ಲಾಡಿದ್ದರೆ ಕಥೆ ಬೇರೆಯೇ ಆಗುತ್ತಿತ್ತು ಅಂದರು. ಸಡಿಲಾದದ್ದು ಮೇಲಿನ ಸಣ್ಣ ತಿರುಪು ಮಾತ್ರ. ಅದೂ ಸೋಡಾ ಬಾಟಲಿಯ ಕೃಪೆಯಿಂದ ಬಾಗಿದೆ. ಆಮೇಲೆ ಕನ್ನಡಿ ಹಿಡಿದು ಒಸಡು ತೋರಿಸಿದರು. ಕೆಂಪಗೆ ಊದಿಕೊಂಡಿತ್ತು, ಅಂಚಿಗೆಲ್ಲ ಗಮ್ಮಿನ ಚೂರು.

"ಇದೇನು, ಗಮ್ಮಾ?"

"ಹ್ಞೂಂ ರೀ."

"ಸಣ್ಣ ಬ್ರಷ್ಷು ಹೆಂಗೆ ಉಪಯೋಗಿಸ್ಬೇಕು ಅಂತ ಹೇಳಿದ್ನಲ್ಲ, ನೆನಪೈತಾ?"

ನೆನಪಿದೆಯೇ ಅಂದರೆ? ಬಾಯಿ ಅಭ್ಯಾಸಬಲದಿಂದ ಶುರುಮಾಡಿಯೇಬಿಟ್ಟಿತು. "ನೋಡ್ರಿ, ಈ ಹಲ್ಲಿಗೆ ಹುಳುಕು ಹಿಡಿಯಲ್ಲ..." ಅವರದೇ ದನಿ, ಅವರದೇ ಕತ್ತು, ಹಲ್ಲಿನ ಸಂದಿನಲ್ಲಿ ಗಾಳಿ ನುಗ್ಗಿ "ಫ" ಆದ "ಸ" ಒಂದು ಬಿಟ್ಟು ಉಳಿದದ್ದೆಲ್ಲ ಅಚ್ಚು. "ಗೊತ್ತಾಯ್ತಾ?" ಅಂತ ಮುಗಿಸುವಷ್ಟರಲ್ಲಿ ನರ್ಸಮ್ಮ ಗೋಡೆಗೆ ಮುಖ ಮಾಡಿ ನಗುತ್ತಿದ್ದಳು.

"ನನಗಿಂತ ಚೆನ್ನಾಗಿ ಹೇಳಿದ್ರಿ" ಅಂದರು ಡಾಕ್ಟರಮ್ಮ. "ಮಾಡಿದ್ದು ಯಾವಾಗ?"

ನಾನು ಮೇಲೆ ದೀಪ ನೋಡಿದೆ.

"ನಿದ್ದೇಲಿ ಹಲ್ಲು ಕಡೀತೀರಾ?"

"ಇಲ್ರಿ" ಅಂದೆ.

"ಕಡೀತಾನವ್ವ" ಅಂದಳು ಅಜ್ಜಿ. "ಅಟ್ಟದಾಗ ಇಲಿ ಅದಾವ ಅಂತ ಬೋನು ಇಟ್ಟಿದ್ವಿ. ಆಮ್ಯಾಲೆ ನೋಡಿದ್ರ ಇವನು."

ಇವತ್ತೇ ಕೂರಿಸಿಕೊಡಿ, ಮಧ್ಯಾಹ್ನ ರೆಕಾರ್ಡಿಂಗ್ ಇದೆ, ತಪ್ಪಿದರೆ ಮೊಬೈಲಿಗೆ ನನ್ನ ಕೆಲಸ ಹೋಗುತ್ತದೆ ಅಂತ ಕೈಮುಗಿದೆ. ಅವರು ಕರಗಲಿಲ್ಲ. ಊದಿದ ಒಸಡಿನ ಮೇಲೆ ಬಾಗಿದ ತಿರುಪು ಬಿಗಿದರೆ ಮತ್ತೆ ಸಡಿಲಾಗುತ್ತದೆ, ಒಳಗಿನ ಬೇರಿಗೂ ಪೆಟ್ಟು. ಆಗ ಎಲುಬು ಕೊರೆದು ಅದನ್ನೂ ತೆಗೆಯಬೇಕಾಗುತ್ತದೆ. "ಹೊಸ ತಿರುಪು ಬರ್ಲಿ, ಒಸಡು ಇಳೀಲಿ, ಮುಂದಿನ ವಾರ ಬರ್ರಿ. ಗೊತ್ತಾಯ್ತಾ?" ಈ ಸಲದ "ಗೊತ್ತಾಯ್ತಾ"ದಲ್ಲಿ ನಗುವಂಥದ್ದೇನೂ ಇರಲಿಲ್ಲ.

ಹಲ್ಲಿನ ಪಾಡನ್ನು ಇಲ್ಲೇ ಮುಗಿಸಿಬಿಡುತ್ತೇನೆ. ಮುಂದಿನ ವಾರ ಗಮ್ಮು ಕೆರೆದು ತೆಗೆದು, ಕುಕ್ಕರಿನಂಥ ಯಂತ್ರದಲ್ಲಿ ಬೇಯಿಸಿದ ಹಲ್ಲನ್ನು ಹೊಸ ತಿರುಪಿನಿಂದ ಕೂರಿಸಿದರು. ಬಿಗಿಯಲು ಅವರ ಹತ್ತಿರವೂ ಒಂದು ಪುಟ್ಟ ಪಾನಾ ಇದೆ; ಬೇಕಾದಷ್ಟೇ ಬಿಗಿಯಾದ ಕೂಡಲೇ ತಾನೇ "ಟಕ್" ಅಂದು ನಿಲ್ಲುತ್ತದೆ. ಇದನ್ನು ಕೇಳಿದಾಗಿನಿಂದ ರಫೀಕ "ನಂಗೊಂದು ಕೊಡಸಲೇ" ಅಂತ ಜೀವ ತಿನ್ನುತ್ತಿದ್ದಾನೆ. ಮಲಗುವಾಗ ಹಾಕಿಕೊಳ್ಳಲು ಹಲ್ಲಿಗೊಂದು ಕವಚ ಕೊಟ್ಟಿದ್ದಾರೆ. ಅಜ್ಜಿ ಅದನ್ನು ಎತ್ತಿನ ಬಾಯಿಕುಕ್ಕೆ ಅನ್ನುತ್ತಾಳೆ. ಬುಡ ದಿನಾ ತಿಕ್ಕುತ್ತೇನೆ, ರಕ್ತ ನಿಂತಿದೆ, ಸೋಡಾ ಬಾಟಲಿಯನ್ನು ಅಂಗಡಿಯವನೇ ತೆಗೆದುಕೊಡುತ್ತಾನೆ.

ಆದರೆ ಆ ಸೋಮವಾರ ಮಧ್ಯಾಹ್ನ ನನ್ನ ಬಾಯಲ್ಲಿ ಸಂದು, ಪಕ್ಕದಲ್ಲಿ ಅಜ್ಜಿ. ಕೂಡ್ಲಿಗಿಗೆ ವಾಪಸು ಬರುವ ಬಸ್ಸಿನಲ್ಲಿ ಮೆಲ್ಲಗೆ ಹೇಳಿಕೊಂಡು ನೋಡಿದೆ. "ಹಫಿ ಕಫ ಬ್ಯಾರೆ, ಒಣ ಕಫ ಬ್ಯಾರೆ ಕೊಡ್ರಿ." ಮುಂದಿನ ಸೀಟಿನವರು ಎದ್ದು ಬೇರೆ ಕಡೆ ಕೂತರು. ಇದು ಕಸದ ಗಾಡಿಯಲ್ಲ, ಎದೆರೋಗದ ಕ್ಯಾಂಪು.

ಆಗ ಒಂದು ಉಪಾಯ ಹೊಳೆಯಿತು. ಹಲ್ಲಿಲ್ಲದ ಬಾಯಿಗೆ ಹಲ್ಲಿಲ್ಲದವರ ಪಾತ್ರವೇ ಸರಿ. ಅಜ್ಜಿಯ ದನಿಯಲ್ಲೇ ಮಾಡಿಬಿಟ್ಟರೆ? ಬೊಚ್ಚುಬಾಯಿ ಅಜ್ಜಿ ಊರಿಗೆ ಬುದ್ಧಿ ಹೇಳುತ್ತಿದ್ದಾಳೆ ಅಂದರೆ "ಕಫ" ಕೂಡ ಕಲೆಯಾಗುತ್ತದೆ.

ಸಾಹೇಬರ ಮೇಜಿನ ಮುಂದೆ ನಿಂತೆ. ಅಜ್ಜಿ ಗೋಡೆ ಪಕ್ಕದ ಬೆಂಚಿನಲ್ಲಿ ಕೂತಳು. ಸಾಹೇಬರು ಮೊಬೈಲಿನ ಗುಂಡಿ ಒತ್ತಿದರು. ನಾನು ಬೆನ್ನು ಬಾಗಿಸಿ, ದನಿ ನಡುಗಿಸಿ ಶುರು ಮಾಡಿದೆ. "ಏನ್ರವ್ವ ತಾಯಂದ್ರ, ಹಫಿ ಕಫ ಬ್ಯಾರೆ ಇಡ್ರಿ, ಒಣ ಕಫ ಬ್ಯಾರೆ ಇಡ್ರಿ..." ಸಾಹೇಬರು ಮೇಜು ಗುದ್ದಿ ನಕ್ಕರು. ಪಕ್ಕದ ಕೋಣೆಯಿಂದ ಗುಮಾಸ್ತರು ಬಂದು ಬಾಗಿಲಲ್ಲಿ ನಿಂತರು. "ಇದ ಇರಲಿ ಕೊಟ್ರೇಶಿ, ಇದ ಛಲೋ ಐತಿ" ಅಂದರು ಸಾಹೇಬರು. ಗೆದ್ದೆ ಅಂದುಕೊಂಡೆ.

ಅಷ್ಟರಲ್ಲಿ ಅಜ್ಜಿ ಬೆಂಚಿನಿಂದೆದ್ದು, ಸೆರಗು ಸರಿಮಾಡಿಕೊಂಡು ಮೇಜಿನ ಹತ್ತಿರ ಬಂದಳು. ನಗುವ ಭರದಲ್ಲಿ ಸಾಹೇಬರು ಮೊಬೈಲ್ ನಿಲ್ಲಿಸುವುದನ್ನು ಮರೆತಿದ್ದರು. ಅಜ್ಜಿ ಹೇಳಿದ್ದನ್ನು ಅದು ಪೂರ್ತಿ ಹಿಡಿದುಕೊಂಡಿತು. ಕೇಳಿದ ಮೇಲೆ ಸಾಹೇಬರು ನನ್ನದನ್ನು ಅಳಿಸಿದರು, ಮೊಬೈಲ್ ಹೆಣ್ಣುಮಗಳ ಮಾತೂ ಮತ್ತೆ ಎತ್ತಲಿಲ್ಲ. ಈಗ ದಿನಾ ಬೆಳಿಗ್ಗೆ ಗಾಡಿ ಓಣಿಗೆ ಬಂದಾಗ, ಬಾಯಿತುಂಬ ಗಟ್ಟಿ ಹಲ್ಲಿಟ್ಟುಕೊಂಡು, ಎರಡು ಕೈಯಲ್ಲಿ ಎರಡು ಬಕೆಟ್ ಹಿಡಿದು ನಿಂತು ನಾನು ಕೇಳಬೇಕಾದದ್ದು ಆ ಮಾತನ್ನೇ. ಒಂದಕ್ಷರ ತೆಗೆದಿಲ್ಲ:

"ಸಾಹೇಬ್ರ, ನೋಡ್ರಿ, ನನ್ನ ಬಾಯಾಗ ಒಂದು ಹಲ್ಲೂ ಇಲ್ಲ. ಹಸಿ ಕಸ ಬ್ಯಾರೆ, ಒಣ ಕಸ ಬ್ಯಾರೆ. ಕಸ ಅನ್ನಾಕ ಬಂತಿಲ್ಲೋ? ಇವಗ ಒಂದು ಹಲ್ಲು ಹೋಗಿದ್ದಕ್ಕ ಊರಿಗೆಲ್ಲ ಕಫ ಕಟ್ಟೇತಿ."